ಅಂಚೆಯಲ್ಲಿ ದೇಣಿಗೆ ಕೇಳುವುದು: ಸಣ್ಣ ಟ್ರಸ್ಟ್‌ಗಳಿಗೆ ಸಮಗ್ರ ಮಾರ್ಗದರ್ಶಿ

"ಸಾವಿರ ಮನವಿ ಪತ್ರ ಕಳಿಸಿದೆವು, ಹತ್ತು ಜನವೂ ಉತ್ತರಿಸಲಿಲ್ಲ" ಎನ್ನುವ ಟ್ರಸ್ಟ್‌ಗಳು ಸಾಮಾನ್ಯವಾಗಿ ದೂರುವುದು ಜನರ ಮನಸ್ಸನ್ನು, ಇಲ್ಲವೇ ಪತ್ರದ ಭಾಷೆಯನ್ನು. ತಪ್ಪು ಬಹುಪಾಲು ಇನ್ನೆಲ್ಲೋ ಇರುತ್ತದೆ. ವಿಳಾಸ ಹಳೆಯದು, ಚೆಕ್ ಯಾರ ಹೆಸರಿಗೆ ಬರೆಯಬೇಕೆಂದು ಎಲ್ಲೂ ಹೇಳಿಲ್ಲ, ಎಷ್ಟು ಕೊಡಬೇಕೆಂದೂ ಇಲ್ಲ, ಕೊಟ್ಟವರಿಗೆ ರಸೀದಿ ಹೋಗಿಲ್ಲ. ಕೆಲಸ ಹಿಂದಿನಿಂದ ಶುರುವಾಗಬೇಕು: ಮೊದಲು ಹಣ ಬಂದು ಸೇರುವ ದಾರಿ, ಆಮೇಲೆ ಪಟ್ಟಿ, ಆಮೇಲೆ ದೇಣಿಗೆ ಚೀಟಿ (ಪತ್ರದ ಜೊತೆ ಹೋಗಿ, ದಾನಿ ತುಂಬಿ ವಾಪಸ್ ಕಳಿಸುವ ಪುಟ್ಟ ಫಾರಂ). ಪತ್ರ ಬರೆಯುವುದು ನಾಲ್ಕನೆಯ ಕೆಲಸ. ಕೆಳಗಿನ ಹಂತಗಳು ಉಚಿತ ವಿದ್ಯಾರ್ಥಿ ನಿಲಯ, ವೃದ್ಧಾಶ್ರಮ, ಗೋಶಾಲೆ, ಸಣ್ಣ ಆಸ್ಪತ್ರೆ ನಡೆಸುವ, 300ರಿಂದ 3,000 ಹೆಸರುಗಳ ಪಟ್ಟಿ ಇರುವ ಟ್ರಸ್ಟ್‌ಗಳಿಗೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಎಕ್ಸೆಲ್ ಮತ್ತು ಮೇಲ್ ಮರ್ಜ್ (ಪಟ್ಟಿಯ ಹೆಸರು, ವಿಳಾಸವನ್ನು ಪತ್ರಗಳಿಗೆ ತಾನೇ ತುಂಬುವ ಸೌಲಭ್ಯ) ಇರುವ ಒಂದು ಕಂಪ್ಯೂಟರ್, ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಕಿಟಕಿ ಇರುವ ಕವರುಗಳು, ರಬ್ಬರ್ ಬ್ಯಾಂಡ್, ನೀಲಿ ಶಾಯಿಯ ಪೆನ್ನು, ರಸೀದಿ ಪುಸ್ತಕ. ಇದರ ಜೊತೆಗೆ, ಬಂದ ಟಪಾಲನ್ನು ಪ್ರತಿದಿನ ಒಡೆದು ದಾಖಲಿಸುವ ಒಬ್ಬ ವ್ಯಕ್ತಿ ಬೇಕು. ಆ ಒಬ್ಬರು ಯಾರೆಂದು ಮೊದಲೇ ಗೊತ್ತುಮಾಡದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ.

ಹಂತ 1: ಹಣ ಬಂದು ಸೇರುವ ದಾರಿ

ಬ್ಯಾಂಕ್ ಪಾಸ್‌ಬುಕ್ ತೆಗೆದು ಖಾತೆಯ ಹೆಸರನ್ನು ಅಕ್ಷರಕ್ಕಕ್ಷರ ಬರೆದುಕೊಳ್ಳಿ. ಫಲಕದಲ್ಲಿ ಕನ್ನಡದಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ "ಚಾರಿಟಬಲ್ ಟ್ರಸ್ಟ್ (ರಿ)" ಎಂಬ ಬಾಲ ಸೇರಿದ ಇನ್ನೊಂದು ಹೆಸರು ಇರುವುದು ಮಾಮೂಲು. ದಾನಿ ಫಲಕದ ಹೆಸರಿಗೆ ಚೆಕ್ ಬರೆದರೆ ಬ್ಯಾಂಕು ಹಿಂದಿರುಗಿಸಬಹುದು, ತೊಂದರೆ ಪಾಪ ದಾನಿಗೂ. ಚೆಕ್ ಬರೆಯಬೇಕಾದ ಹೆಸರನ್ನು ಚೀಟಿಯಲ್ಲಿ ಒಂದೇ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಕೊಡಿ. ಚೆಕ್‌ಗೆ ಮೂರು ತಿಂಗಳಷ್ಟೇ ಆಯುಷ್ಯ. ಹೀಗಾಗಿ ಬಂದ ಚೆಕ್ಕನ್ನು ಮುಂದಿನ ಟ್ರಸ್ಟಿಗಳ ಸಭೆಯವರೆಗೆ ಕಪಾಟಿನಲ್ಲಿಡುವ ಪದ್ಧತಿ ಇದ್ದರೆ ಬಿಡಿ.

ಯುಪಿಐ ಕ್ಯೂಆರ್ ಟ್ರಸ್ಟಿನ ಖಾತೆಯದೇ ಆಗಿರಬೇಕು, ಕಾರ್ಯದರ್ಶಿಯ ಸ್ವಂತ ನಂಬರಿನದಲ್ಲ. ಯುಪಿಐಯಲ್ಲಿ ಹಣ ಸಲೀಸಾಗಿ ಬರುತ್ತದೆ, ಆದರೆ ಕಳಿಸಿದವರ ವಿಳಾಸ, ಪ್ಯಾನ್ ಬರುವುದಿಲ್ಲ. ಕ್ಯೂಆರ್ ಪಕ್ಕದಲ್ಲೇ "ಹಣ ಕಳಿಸಿದ ಮೇಲೆ ಚೀಟಿಯ ಫೋಟೊ ಈ ವಾಟ್ಸ್ಆ್ಯಪ್ ನಂಬರಿಗೆ ಕಳಿಸಿ" ಎಂದು ಅಚ್ಚುಮಾಡಿ. ಇದಿಲ್ಲದಿದ್ದರೆ ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಯಾರದೆಂದು ತಿಳಿಯದ ಮೊತ್ತಗಳು ಸಾಲಾಗಿ ನಿಲ್ಲುತ್ತವೆ. ಅನಾಮಧೇಯ ದೇಣಿಗೆ ಒಂದು ಮಿತಿ ದಾಟಿದರೆ ಟ್ರಸ್ಟ್ ಅದಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ.

80ಜಿ ಅನುಮೋದನೆ (ದಾನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗಲು ಟ್ರಸ್ಟಿಗೆ ಇರಬೇಕಾದದ್ದು) ಇದೆಯೇ, ಅದರ ಅವಧಿ ಯಾವತ್ತಿನವರೆಗೆ ಎಂದು ನೋಡಿ. ಈಗ ಅದು ಕಾಲಮಿತಿಯದು, ನವೀಕರಿಸಬೇಕು. ಜೊತೆಗೆ, 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ (ಜಾರಿ 2026ರ ಏಪ್ರಿಲ್ 1ರಿಂದ) ಕಲಂ ಮತ್ತು ಫಾರಂಗಳ ಸಂಖ್ಯೆ ಬದಲಾಗಿವೆ. ಹಳೆಯ ಲೆಟರ್‌ಹೆಡ್ಡಿನ ಸಾಲನ್ನೇ ಮತ್ತೆ ಅಚ್ಚಿಗೆ ಕೊಡುವ ಮೊದಲು ನಿಮ್ಮ ಆಡಿಟರ್ ಒಮ್ಮೆ ಓದಲಿ. ಇನ್ನೊಂದು ಮಾತು: ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ 80ಜಿ ವಿನಾಯಿತಿಯೇ ಸಿಗುವುದಿಲ್ಲ. ತೆರಿಗೆ ಉಳಿತಾಯವನ್ನೇ ಪತ್ರದ ಮುಖ್ಯ ಆಕರ್ಷಣೆ ಮಾಡುವ ಕಾಲ ಹೋಯಿತು.

ವಿದೇಶದ ದಾನಿಗಳ ವಿಚಾರದಲ್ಲಿ ಎಡವುವವರು ಬಹಳ. ಅಮೆರಿಕದಲ್ಲಿರುವ ಊರಿನ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅವನ ಉಳಿತಾಯದ ಹಣ ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗೆ ಕೊಡುವ ಕಾರ್ಡ್) ಹೊಂದಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಮತ್ತು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ರೂಪಾಯಿಯಲ್ಲಿ ಬಂದರೂ ನಿಯಮ ಅದೇ. ನಿಮಗೆ ಆ ನೋಂದಣಿ ಇಲ್ಲದಿದ್ದರೆ ಅಂಥ ಹೆಸರುಗಳನ್ನು ಪಟ್ಟಿಯಿಂದಲೇ ತೆಗೆಯಿರಿ.

ಹಂತ 2: ಪಟ್ಟಿ

ಪಟ್ಟಿಯಲ್ಲಿ ಮೂರು ಗುಂಪು ಮಾಡಿ: ಕಳೆದ ಎರಡು ವರ್ಷಗಳಲ್ಲಿ ಕೊಟ್ಟವರು, ಅದಕ್ಕೂ ಹಿಂದೆ ಕೊಟ್ಟು ಈಗ ನಿಲ್ಲಿಸಿದವರು, ಎಂದೂ ಕೊಡದಿದ್ದರೂ ನಿಮ್ಮನ್ನು ಬಲ್ಲವರು (ಹಳೆಯ ವಿದ್ಯಾರ್ಥಿಗಳು, ರೋಗಿಗಳ ಮನೆಯವರು, ಜಾತ್ರೆಗೆ ಬಂದು ಹೆಸರು ಬರೆಸಿದವರು). ಮೊದಲ ಗುಂಪಿನಿಂದಲೇ ಹೆಚ್ಚು ಬರುತ್ತದೆ. ಕೈಯಲ್ಲಿರುವ ಹಣ ಕಡಿಮೆಯಿದ್ದರೆ ಅವರಿಗಷ್ಟೇ ಬರೆಯಿರಿ. ದೂರವಾಣಿ ಡೈರೆಕ್ಟರಿ, ಸಂಘದ ಸದಸ್ಯರ ಪುಸ್ತಕ, ದುಡ್ಡಿಗೆ ಸಿಗುವ ಪಟ್ಟಿ, ಇವುಗಳಿಂದ ತುಂಬಿಸಿದ ಹೆಸರುಗಳಿಗೆ ಕಳಿಸುವ ಪತ್ರ ಹೆಚ್ಚಾಗಿ ರದ್ದಿಗೆ ಸೇರುತ್ತದೆ. ಒಪ್ಪಿಗೆಯಿಲ್ಲದೆ ಬೇರೆಯವರ ಮಾಹಿತಿ ಬಳಸುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಅಡಿ ಪ್ರಶ್ನೆಗೂ ಒಳಗಾಗಬಹುದು.

ಪ್ರತಿ ಹೆಸರಿಗೂ ಒಂದು ಕ್ರಮಸಂಖ್ಯೆ ಕೊಡಿ, ಅದು ಎಂದೂ ಬದಲಾಗಬಾರದು. ಕಾಲಂಗಳು ಹೀಗಿರಲಿ: ಕ್ರಮಸಂಖ್ಯೆ, ಹೆಸರು, ಸಂಬೋಧನೆ, ವಿಳಾಸ ಮೂರು ಸಾಲು, ತಾಲ್ಲೂಕು, ಜಿಲ್ಲೆ, ಪಿನ್, ಕೊನೆಯ ದೇಣಿಗೆಯ ದಿನಾಂಕ, ಮೊತ್ತ, ಗುಂಪು, ಷರಾ. ಸಂಬೋಧನೆಗೆ ಬೇರೆ ಕಾಲಂ ಏಕೆಂದರೆ ಯಂತ್ರಕ್ಕೆ ಬಿಟ್ಟರೆ "ಮಾನ್ಯ ಶ್ರೀ ಡಾ. ಶ್ರೀಮತಿ ಸರೋಜಮ್ಮ ರವರೇ" ಎಂದು ಬರುತ್ತದೆ. "ಸರೋಜಮ್ಮ ಅವರಿಗೆ", "ಪಾಟೀಲರಿಗೆ", "ಮೇಷ್ಟ್ರಿಗೆ" ಎಂದು ಒಬ್ಬೊಬ್ಬರಿಗೂ ಕೈಯಲ್ಲೇ ತುಂಬಿ. ಸಾವಿರ ಹೆಸರಿಗೆ ಕೆಲವು ದಿನ ಹಿಡಿಯುತ್ತದೆ, ಆದರೆ ಒಮ್ಮೆ ಮಾಡಿದರೆ ವರ್ಷಗಟ್ಟಲೆ ಸಾಕು.

ಹಳೆಯ ಪಟ್ಟಿ ಯುನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಿ: ಕೃಷ್ಣಮೂರ್ತಿ, ಲಕ್ಷ್ಮೀ, ಈಶ್ವರಪ್ಪ, ಜ್ಯೋತ್ಸ್ನಾ. ಒಡೆಯುವುದು ಇವೇ. ಹೆಸರೇ ತಪ್ಪಾದ ಪತ್ರವನ್ನು ಯಾರೂ ಎರಡನೆಯ ಸಾಲಿನವರೆಗೆ ಓದುವುದಿಲ್ಲ.

ಪಿನ್ ಕೋಡ್ ಇಲ್ಲದ ವಿಳಾಸವನ್ನು ಅಂಚೆಗೆ ಹಾಕಬೇಡಿ. ಕರ್ನಾಟಕದ ಪಿನ್‌ಗಳು 56ರಿಂದ 59ರೊಳಗೆ ಶುರುವಾಗುತ್ತವೆ: ಬೆಂಗಳೂರು 560, ಮೈಸೂರು 570, ಹುಬ್ಬಳ್ಳಿ-ಧಾರವಾಡ 580, ಬೆಳಗಾವಿ 590. ಜಿಲ್ಲೆಗೂ ಪಿನ್ನಿಗೂ ತಾಳೆಯಾಗದ ಸಾಲು ಕಂಡರೆ ಫೋನ್ ಮಾಡಿ ಕೇಳಿ. ಪಿನ್ನನ್ನು ಕನ್ನಡ ಅಂಕಿಗಳಲ್ಲಿ ಬರೆಯುವುದು ಬೇಡ. ರಾಜ್ಯದೊಳಗೆ ಕನ್ನಡ ವಿಳಾಸ ಚೆನ್ನಾಗಿಯೇ ತಲುಪುತ್ತದೆ. ಮುಂಬೈ, ಪುಣೆ, ಹೈದರಾಬಾದಿನ ಕನ್ನಡಿಗರಿಗೆ ಕವರಿನ ಮೇಲಿನ ವಿಳಾಸ ಇಂಗ್ಲಿಷಿನಲ್ಲಿರಲಿ, ಒಳಗಿನ ಪತ್ರ ಕನ್ನಡದಲ್ಲಿ. ಬೆಂಗಳೂರಿನ ವಿಳಾಸಕ್ಕೆ ಮನೆ ನಂಬರ್, ಕ್ರಾಸ್, ಮೇನ್, ಹಂತ ಅಥವಾ ಬ್ಲಾಕ್ ನಾಲ್ಕೂ ಬೇಕು. ಹಳ್ಳಿಗಾದರೆ ಯಾವ ಅಂಚೆ ಎಂಬುದು ಮುಖ್ಯ, ಹೋಬಳಿಯಲ್ಲ.

ಒಂದೇ ಮನೆಯ ಗಂಡ-ಹೆಂಡತಿಗೆ ಎರಡು ಪತ್ರ ಹೋಗದಂತೆ ನೋಡಿಕೊಳ್ಳಿ. ತೀರಿಕೊಂಡವರ ಹೆಸರನ್ನು, ಸುದ್ದಿ ತಿಳಿದ ದಿನವೇ ತೆಗೆಯಿರಿ. ವರ್ಷಾಬ್ದಿಕದ ಹೊತ್ತಿಗೆ ಅವರದೇ ಹೆಸರಿಗೆ ಬಂದ ಮನವಿ ಪತ್ರ ಆ ಮನೆಯಲ್ಲಿ ಮಾಡುವ ನೋವು ದೊಡ್ಡದು.

ಹಂತ 3: ದೇಣಿಗೆ ಚೀಟಿ

ಎ4 ಹಾಳೆಯ ಮೂರನೆಯ ಒಂದು ಭಾಗ ಸಾಕು. ದಾನಿಯ ಹೆಸರು, ವಿಳಾಸ, ಕ್ರಮಸಂಖ್ಯೆ ಮೊದಲೇ ಅಚ್ಚಾಗಿರಬೇಕು, ಅವರು ತುಂಬಬೇಕಾದ್ದು ಮೊತ್ತ, ಫೋನ್, ಪ್ಯಾನ್ ಮಾತ್ರ. ದೇಣಿಗೆಯ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವಾಗ ಗುರುತಿನ ಸಂಖ್ಯೆ ಕಡ್ಡಾಯ. ಅದನ್ನು ಆಮೇಲೆ ಫೋನ್ ಮಾಡಿ ಕೇಳುವುದು ಇಬ್ಬರಿಗೂ ಮುಜುಗರ.

ಮೊತ್ತಗಳನ್ನು ನಾಲ್ಕು ಚೌಕಗಳಲ್ಲಿ ಕೊಡಿ, ಐದನೆಯದು ಖಾಲಿ ಇರಲಿ. ಕಳೆದ ಬಾರಿ ಕೊಟ್ಟಷ್ಟು, ಅದರ ಒಂದೂವರೆ ಪಟ್ಟು, ಎರಡು ಪಟ್ಟು, ನಾಲ್ಕು ಪಟ್ಟು ಎಂಬುದು ಒಳ್ಳೆಯ ಅಳತೆ. 500 ಕೊಟ್ಟವರ ಮುಂದೆ 25,000ದ ಚೌಕ ಇಟ್ಟರೆ ಅವರು ತಮ್ಮ 500 ಇವರಿಗೆ ಲೆಕ್ಕಕ್ಕಿಲ್ಲ ಎಂದು ಸುಮ್ಮನಾಗುತ್ತಾರೆ.

ನಮ್ಮಲ್ಲಿ ಶುಭಕಾರ್ಯಕ್ಕೆ ಒಂದು ರೂಪಾಯಿ ಸೇರಿಸುವ ರೂಢಿ ಉಂಟಲ್ಲ, 501, 1,001 ಎಂದು ಅಚ್ಚುಮಾಡಿ, ಚಂದವೇ. ಆದರೆ ಒಂದು ಕಡೆ ಆ ಒಂದು ರೂಪಾಯಿ ಕಾಲು ಎಳೆಯುತ್ತದೆ. ನಗದಾಗಿ 2,000 ರೂಪಾಯಿ ಮೀರಿದ ದೇಣಿಗೆಗೆ 80ಜಿ ವಿನಾಯಿತಿ ಇಲ್ಲ. ಕಚೇರಿಗೆ ಬಂದು 2,001 ನಗದು ಕೊಟ್ಟವರು ಕಳೆದುಕೊಳ್ಳುವುದು ಒಂದು ರೂಪಾಯಿಯ ವಿನಾಯಿತಿಯನ್ನಲ್ಲ, ಅಷ್ಟೂ ಮೊತ್ತದ್ದನ್ನು. ಚೀಟಿಯಲ್ಲಿ 2,001ರ ಚೌಕ ಹಾಕುವುದಿದ್ದರೆ ಪಕ್ಕದಲ್ಲೇ "ಚೆಕ್ ಅಥವಾ ಯುಪಿಐ ಮಾತ್ರ" ಎಂದಿರಲಿ.

ಇನ್ನು ನಾಲ್ಕು ಸಾಲುಗಳು ಚೀಟಿಯಲ್ಲಿ ಇರಲೇಬೇಕು. ಒಂದು, "ಈ ಹಣ ಮೂಲನಿಧಿಗೆ" (ಅಂದರೆ ಶಾಶ್ವತ ನಿಧಿಗೆ) ಎಂಬ ಗುರುತು ಚೌಕ, ಕೆಳಗೆ ಸಹಿಗೆ ಜಾಗ: ದಾನಿಯ ಲಿಖಿತ ಸೂಚನೆ ಇಲ್ಲದೆ ಯಾವ ಮೊತ್ತವನ್ನೂ ಶಾಶ್ವತ ನಿಧಿಗೆ ಸೇರಿಸುವಂತಿಲ್ಲ. ಎರಡು, "ನಾನು ಭಾರತೀಯ ಪ್ರಜೆ" ಎಂಬ ಘೋಷಣೆ. ಮೂರು, "ಲಕೋಟೆಯಲ್ಲಿ ನೋಟು, ನಾಣ್ಯ ಇಡಬೇಡಿ" ಎಂಬ ಎಚ್ಚರಿಕೆ. ಸಾಮಾನ್ಯ ಅಂಚೆಯಲ್ಲಿ ಹಣ ಇಡುವುದು ನಿಯಮಕ್ಕೂ ವಿರುದ್ಧ, ಕಳೆದರೆ ಕೇಳುವವರೂ ಇಲ್ಲ. ನಾಲ್ಕು, ಒಂದು ದಿನದ ಊಟ ಅಥವಾ ಸೇವೆಯನ್ನು ಹೆಸರಿನಲ್ಲಿ ನಡೆಸುವುದಾದರೆ ದಿನಕ್ಕೆ ಎರಡು ಜಾಗ: ಇಂಗ್ಲಿಷ್ ತಾರೀಖು, ಇಲ್ಲವೇ ಮಾಸ, ಪಕ್ಷ, ತಿಥಿ. ಹುಟ್ಟುಹಬ್ಬವನ್ನು ಬಹುತೇಕರು ತಾರೀಖಿನ ಲೆಕ್ಕದಲ್ಲಿ, ಪುಣ್ಯತಿಥಿಯನ್ನು ಪಂಚಾಂಗದ ಲೆಕ್ಕದಲ್ಲಿ ಬರೆಯುತ್ತಾರೆ. "ತಂದೆಯವರ ಪುಣ್ಯದಿನ, ಕಾರ್ತಿಕ ಬಹುಳ ಪಂಚಮಿ" ಎಂದು ಬರೆದವರಿಗೆ ಕಚೇರಿಯವರು ಆ ವರ್ಷದ ತಾರೀಖು ಹಾಕಿಟ್ಟುಕೊಂಡರೆ ಮರುವರ್ಷ ಊಟ ಬೇರೆ ದಿನ ನಡೆದುಹೋಗುತ್ತದೆ.

ಹಂತ 4: ಪತ್ರ

ಬಹಳ ಟ್ರಸ್ಟ್‌ಗಳ ಪತ್ರ ಹೀಗಿರುತ್ತದೆ: "ತಮಗೆಲ್ಲ ತಿಳಿದಿರುವಂತೆ ನಮ್ಮ ಸಂಸ್ಥೆಯು ಹಲವು ವರ್ಷಗಳಿಂದ ಶೈಕ್ಷಣಿಕ, ಸಾಮಾಜಿಕ ಹಾಗೂ ಸಾಂಸ್ಕೃತಿಕ ಕ್ಷೇತ್ರಗಳಲ್ಲಿ ಅನುಪಮ ಸೇವೆ ಸಲ್ಲಿಸುತ್ತ ಬಂದಿದ್ದು, ತಾವು ತನು-ಮನ-ಧನಗಳಿಂದ ಸಹಕರಿಸಬೇಕಾಗಿ ಕೋರುತ್ತೇವೆ." ಎಷ್ಟು, ಯಾತಕ್ಕೆ, ಯಾವಾಗಿನೊಳಗೆ ಎಂಬ ಮೂರಕ್ಕೂ ಇದರಲ್ಲಿ ಉತ್ತರವಿಲ್ಲ. ಓದಿದವರು ಒಳ್ಳೆಯ ಸಂಸ್ಥೆ ಎಂದುಕೊಂಡು ಟಿವಿಯ ಮೇಲಿಡುತ್ತಾರೆ, ಅಷ್ಟೇ.

ಅದೇ ಜಾಗದಲ್ಲಿ ಇದನ್ನು ಓದಿ: "ಸರೋಜಮ್ಮ ಅವರಿಗೆ ನಮಸ್ಕಾರ. ಕಳೆದ ವರ್ಷ ನೀವು ಕಳಿಸಿದ 1,001 ರೂಪಾಯಿ ನಮ್ಮ ನಿಲಯದ ಅಡುಗೆಮನೆಗೆ ಹೋಯಿತು. ಜೂನ್ ಮೊದಲ ವಾರ 60 ಹುಡುಗರು ರಜೆ ಮುಗಿಸಿ ಬರುತ್ತಾರೆ. ಒಬ್ಬನ ಒಂದು ತಿಂಗಳ ಊಟಕ್ಕೆ 1,500 ರೂಪಾಯಿ ಬೀಳುತ್ತಿದೆ. ಒಬ್ಬ ಹುಡುಗನ ಜೂನ್ ತಿಂಗಳ ಊಟ ನಿಮ್ಮದಾಗಲಿ ಎಂದು ಕೇಳುತ್ತಿದ್ದೇವೆ. ಮೇ 20ರೊಳಗೆ ಬಂದರೆ ಅಕ್ಕಿ, ಬೇಳೆ ಸಗಟಿಗೆ ಕೊಳ್ಳಬಹುದು." ಇದರಲ್ಲಿ ಅಲಂಕಾರ ಒಂದೂ ಇಲ್ಲ. ಕೊಟ್ಟದ್ದು ಏನಾಯಿತು, ಈಗ ಬೇಕಾದ್ದೆಷ್ಟು, ಗಡುವು ಯಾಕೆ ಎಂಬುದು ಮೊದಲ ಆರು ಸಾಲಿನಲ್ಲೇ ಮುಗಿಯಿತು. 1,500 ಎಂಬ ಅಂಕಿ ನಿಮ್ಮ ಲೆಕ್ಕಪುಸ್ತಕದಿಂದ ಬಂದಿರಬೇಕು. ಕಳೆದ ವರ್ಷದ ಅಡುಗೆಮನೆಯ ಖರ್ಚು, ಗ್ಯಾಸ್ ಮತ್ತು ಅಡುಗೆಯವರ ಸಂಬಳ ಸೇರಿಸಿ, ತಲೆಗೆ ಭಾಗಿಸಿ. ಅಂದಾಜು ಹಾಕಿದರೆ ಯಾರಾದರೊಬ್ಬ ನಿವೃತ್ತ ಬ್ಯಾಂಕ್ ನೌಕರರು ಲೆಕ್ಕ ಕೇಳಿಯೇ ಕೇಳುತ್ತಾರೆ.

ಒಂದು ಪತ್ರದಲ್ಲಿ ಒಂದೇ ಕೋರಿಕೆ ಇರಲಿ. ಊಟಕ್ಕೂ ಕೇಳಿ, ಕಟ್ಟಡಕ್ಕೂ ಕೇಳಿ, ಆಂಬುಲೆನ್ಸಿಗೂ ಕೇಳಿದರೆ ಮೂರಕ್ಕೂ ಬರುವುದಿಲ್ಲ. ಅಕ್ಷರ 13 ಪಾಯಿಂಟಿಗಿಂತ ಸಣ್ಣದು ಬೇಡ, ಓದುವವರಲ್ಲಿ ಹೆಚ್ಚಿನವರು ಕನ್ನಡಕ ಹುಡುಕುವ ವಯಸ್ಸಿನವರು. ಲೆಟರ್‌ಹೆಡ್ಡಿನ ಎಡಪಕ್ಕದಲ್ಲಿ ಹನ್ನೊಂದು ಟ್ರಸ್ಟಿಗಳ ಹೆಸರು, ಪದವಿ ಇಳಿಬಿಟ್ಟಿದ್ದರೆ ತೆಗೆದುಬಿಡಿ. ಅವರ ಮುನಿಸು ಎರಡು ದಿನದ್ದು. ಸಹಿ ಒಬ್ಬರದೇ, ನೀಲಿ ಶಾಯಿಯಲ್ಲಿ, ಕೈಯಲ್ಲೇ. ಕೊನೆಗೆ ಒಂದು "ವಿ.ಸೂ." ಹಾಕಿ ಮೊತ್ತ ಮತ್ತು ಗಡುವನ್ನು ಮತ್ತೆ ಹೇಳಿ. ಪತ್ರವನ್ನು ಮೇಲಿಂದ ಮೇಲೆ ನೋಡುವವರ ಕಣ್ಣು ಸಹಿಯ ಹತ್ತಿರ ನಿಲ್ಲುತ್ತದೆ.

ಮಕ್ಕಳ ಫೋಟೊ ಬಗ್ಗೆ ಎಚ್ಚರ. ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ಶಾಲೆ, ಚಿತ್ರ ಅಥವಾ ಗುರುತು ಸಿಗುವ ಯಾವುದೇ ವಿವರವನ್ನು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಹೆಸರು ಬದಲಿಸಿ ಮುಖದ ಫೋಟೊ ಹಾಕಿದರೂ ತಪ್ಪೇ. ಊಟದ ಸಾಲಿನ ತಟ್ಟೆಗಳ ಚಿತ್ರ ಸಾಕು.

ಹಂತ 5: ತೂಕ ಮತ್ತು ಕವರು

ಸಾಮಾನ್ಯ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿ, ಮೀರಿದರೆ ಮುಂದಿನ 20 ಗ್ರಾಂಗೆ ಇನ್ನೂ 5. ಅಚ್ಚಿಗೆ ಕೊಡುವ ಮೊದಲು ಕೌಂಟರಿನಲ್ಲಿ ದರ ಖಚಿತ ಮಾಡಿಕೊಳ್ಳಿ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆ ಒಂದಕ್ಕೆ 5 ಗ್ರಾಂ. ಒಂಬತ್ತೂವರೆ ಇಂಚಿನ ಕವರು ಸುಮಾರು 5, ಒಳಗಿಡುವ ಒಂಬತ್ತು ಇಂಚಿನ ವಾಪಸ್ ಕವರು ನಾಲ್ಕೂವರೆ, ಚೀಟಿ 2ಕ್ಕೆ ಒಂದಿಷ್ಟು ಕಡಿಮೆ. ಎರಡು ಹಾಳೆಯ ಪತ್ರವಾದರೆ ಒಟ್ಟು 21 ದಾಟುತ್ತದೆ, ಅಂಚೆ ಖರ್ಚು ಇಮ್ಮಡಿ. ಒಂದೇ ಹಾಳೆಯ ಎರಡೂ ಬದಿ ಅಚ್ಚುಮಾಡಿದರೆ ಸುಮಾರು 16 ಗ್ರಾಂನಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹೀರುವುದರಿಂದ 19.5 ಎಂದು ತೂಗಿ ಸಮಾಧಾನ ಪಡಬೇಡಿ. ಅಂಚೆಚೀಟಿ ಕಡಿಮೆ ಬಿದ್ದ ಪತ್ರಕ್ಕೆ ಕೊರತೆಯ ಎರಡರಷ್ಟನ್ನು ಪಡೆಯುವವರಿಂದ ವಸೂಲು ಮಾಡುತ್ತಾರೆ. ದಾನ ಕೇಳುವ ಪತ್ರಕ್ಕೆ ದಾನಿಯೇ ದಂಡ ಕಟ್ಟಬೇಕಾಗಿ ಬಂದರೆ ಮುಂದಿನದನ್ನು ಹೇಳಬೇಕಿಲ್ಲ.

ಕುಂಕುಮ, ಅಕ್ಷತೆಯ ಪೊಟ್ಟಣ ಇಡುವ ಆಸೆ ಇದ್ದರೆ ಬಿಡಿ. ಮೊಹರಿನ ಏಟಿಗೆ ಒಡೆದು ಪತ್ರವೆಲ್ಲ ಕೆಂಪಾಗುತ್ತದೆ.

ವಾಪಸ್ ಕವರಿಗೆ ಅಂಚೆಚೀಟಿ ಅಂಟಿಸಬೇಕೇ? 500ಕ್ಕಿಂತ ಕಡಿಮೆ ಪತ್ರಗಳಾದರೆ ಬೇಡ, ನಿಮ್ಮ ವಿಳಾಸ ಅಚ್ಚಾದ ಖಾಲಿ ಕವರು ಸಾಕು. ಹೆಚ್ಚಿದ್ದರೆ ಅಂಚೆ ಇಲಾಖೆಯ ಬಿಸಿನೆಸ್ ರಿಪ್ಲೈ ಪರವಾನಗಿ ಪಡೆಯಿರಿ. ದಾನಿ ಅಂಚೆಚೀಟಿ ಅಂಟಿಸಬೇಕಿಲ್ಲ, ಹಿಂದಿರುಗಿ ಬಂದ ಕವರುಗಳಿಗೆ ಮಾತ್ರ ನೀವು ಅಂಚೆ ದರ ಕಟ್ಟುತ್ತೀರಿ. ಕವರಿನ ನಮೂನೆ ಇಲಾಖೆ ಹೇಳಿದಂತೆಯೇ ಇರಬೇಕು, ಪರವಾನಗಿ ಸಂಖ್ಯೆ ಕೈಸೇರುವ ಮೊದಲು ಅಚ್ಚು ಹಾಕಿಸಬೇಡಿ.

ಹಂತ 6: ಅಚ್ಚು, ಮಡಿಕೆ, ತುಂಬುವುದು

ಎಲ್ಲಕ್ಕಿಂತ ದೊಡ್ಡ ಅನಾಹುತ ಆಗುವುದು ಎಕ್ಸೆಲ್ಲಿನಲ್ಲಿ. ಹೆಸರಿನ ಕಾಲಂ ಒಂದನ್ನೇ ಆಯ್ದು ಅಕಾರಾದಿ ಜೋಡಿಸಿದರೆ ಉಳಿದ ಕಾಲಂಗಳು ಇದ್ದಲ್ಲೇ ಇರುತ್ತವೆ, ಪಾಟೀಲರ ವಿಳಾಸಕ್ಕೆ ಕುಲಕರ್ಣಿಯವರ ಪತ್ರ ಹೋಗುತ್ತದೆ. ಮರ್ಜ್ ಮಾಡುವ ಮೊದಲು ಹಳೆಯ ರಸೀದಿಗಳೊಂದಿಗೆ 20 ಸಾಲುಗಳನ್ನು ಅಲ್ಲಲ್ಲಿ ತಾಳೆ ನೋಡಿ. ಕಿಟಕಿ ಕವರು ಬಳಸಿದರೆ ಪತ್ರದ ಮೇಲಿನ ವಿಳಾಸವೇ ಹೊರಗೆ ಕಾಣುತ್ತದೆ, ಪತ್ರ ಒಂದು ಕವರು ಇನ್ನೊಂದು ಎಂಬ ತಪ್ಪು ಹುಟ್ಟುವುದೇ ಇಲ್ಲ. ಕವರಿಗೆ ಒಂದಿಷ್ಟು ಪೈಸೆ ಹೆಚ್ಚಾದರೂ ಸರಿಯೇ.

ಡಿಟಿಪಿಯವರಿಗೆ ಪಿಡಿಎಫ್ ಕೊಡಿ, ವರ್ಡ್ ಕಡತ ಬೇಡ. ಅವರ ಹಳೆಯ ತಂತ್ರಾಂಶದಲ್ಲಿ ಯುನಿಕೋಡ್ ಅಕ್ಷರ ಚೂರಾಗಬಹುದು. ಮೊದಲು 5 ಪ್ರತಿ ತೆಗೆಸಿ, ಮಡಚಿ, ಕವರಿಗೆ ಹಾಕಿ, ಕುಲುಕಿ ನೋಡಿ: ಕಿಟಕಿಯಲ್ಲಿ ಪಿನ್ ಮರೆಯಾಗುತ್ತಿದೆಯೇ? ಚೀಟಿ ಮತ್ತು ಪತ್ರ ಒಬ್ಬರದೇ ಹೆಸರಿನವೇ? ತುಂಬುವಾಗ ಪ್ರತಿ ಐವತ್ತಕ್ಕೊಂದು ಕವರನ್ನು ಬಿಚ್ಚಿ ನೋಡುವ ಒಬ್ಬರಿರಲಿ.

ಹಂತ 7: ಅಂಚೆಗೆ ಹಾಕುವುದು

ಪಿನ್ನಿನ ಮೊದಲ ಮೂರು ಅಂಕಿಯಂತೆ ಬೇರ್ಪಡಿಸಿ, ವಿಳಾಸ ಒಂದೇ ದಿಕ್ಕಿಗೆ ಇರುವಂತೆ ಐವತ್ತರ ಕಟ್ಟು ಮಾಡಿ, ಪ್ರಧಾನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೊಡಿ. ಕೆಂಪು ಡಬ್ಬಿಗೆ ಸಾವಿರ ಕವರು ತುರುಕಬೇಡಿ. ಹಿಂದಿನ ದಿನವೇ ಪೋಸ್ಟ್‌ಮಾಸ್ಟರಿಗೆ ತಿಳಿಸಿದರೆ ಅವರಿಗೂ ಅನುಕೂಲ. ಪಟ್ಟಿಯಲ್ಲಿ ಬೇರೆ ಬೇರೆ ಜಿಲ್ಲೆಗಳ ನಾಲ್ಕೈದು ಪರಿಚಿತರ ಹೆಸರು ಸೇರಿಸಿ. ಪತ್ರ ಯಾವ ದಿನ, ಯಾವ ಸ್ಥಿತಿಯಲ್ಲಿ ತಲುಪಿತೆಂದು ಅವರು ತಿಳಿಸಲಿ. ಸಾಮಾನ್ಯ ಅಂಚೆಗೆ ಬೇರೆ ಜಾಡು ಇಲ್ಲ.

ತೆರಿಗೆ ವರ್ಷದ ಕೊನೆಗೆ ಕೇಳುವುದಾದರೆ ಫೆಬ್ರವರಿ ಎರಡನೆಯ ವಾರದೊಳಗೆ ಹೊರಡಬೇಕು. ಶಾಲೆ, ನಿಲಯದವರಿಗೆ ಏಪ್ರಿಲ್ ಕೊನೆ ಒಳ್ಳೆಯದು. ದೀಪಾವಳಿಯ ವಾರ ಬೇಡ, ಅಂಗಡಿಗಳ ಟಪಾಲಿನ ಜೊತೆ ನಿಮ್ಮದೂ ಹೂತುಹೋಗುತ್ತದೆ.

ಹಂತ 8: ಉತ್ತರ ಬಂದ ಮೇಲೆ

ಹಣ ಬಂದ ಮೂರು ದಿನದೊಳಗೆ ರಸೀದಿ, ಎರಡು ಸಾಲಿನ ಕೃತಜ್ಞತೆಯ ಜೊತೆ ಹೋಗಬೇಕು. ಅದರಲ್ಲಿ ಮತ್ತೆ ಕೇಳಬೇಡಿ. ಹಳೆಯ ಕಾಯ್ದೆಯಲ್ಲಿ 10ಬಿಡಿ ಎನ್ನುತ್ತಿದ್ದ ದೇಣಿಗೆ ವಿವರ ಸಲ್ಲಿಕೆಗೂ ದಾನಿಗೆ ಕೊಡುವ 10ಬಿಇ ಪ್ರಮಾಣಪತ್ರಕ್ಕೂ ಗಡುವು ಮೇ 31, ವಿವರ ಸಲ್ಲಿಸುವುದು ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ನಿಮ್ಮ ರಸೀದಿ ಮಾತ್ರ ಇದ್ದರೆ ದಾನಿಗೆ ವಿನಾಯಿತಿ ಸಿಗದು, ಆ ಪ್ರಮಾಣಪತ್ರ ಬೇಕು. ಇದನ್ನು ಮರೆತ ಟ್ರಸ್ಟಿಗೆ ಮರುವರ್ಷ ಚೆಕ್ ಬರುವುದಿಲ್ಲ, ಯಾಕೆ ಬರಲಿಲ್ಲವೆಂದೂ ತಿಳಿಯುವುದಿಲ್ಲ.

ದಾನಿಗೆ ತಲುಪದೆ ವಾಪಸ್ ಬಂದ ಕವರುಗಳನ್ನು ಎಸೆಯಬೇಡಿ. ಪೋಸ್ಟ್‌ಮ್ಯಾನ್ ಬರೆದ ಷರಾ ಬಹಳ ಬೆಲೆಯದು. "ಮನೆ ಖಾಲಿ ಮಾಡಿದ್ದಾರೆ" ಎಂದಿದ್ದರೆ ಫೋನ್ ಮಾಡಿ ಹೊಸ ವಿಳಾಸ ಪಡೆಯಿರಿ, "ವಿಳಾಸ ಸಾಲದು" ಎಂದಿದ್ದರೆ ತಪ್ಪು ನಿಮ್ಮದು, ತಿದ್ದಿ. ಬಂದ ದಿನವೇ ಷರಾ ಕಾಲಂಗೆ ಏರಿಸಿ.

ಲೆಕ್ಕ ಹೀಗೆ ಹಾಕಿ. ಅಚ್ಚು, ಕವರು, ಅಂಚೆ ಸೇರಿ ಪತ್ರಕ್ಕೆ 15 ರೂಪಾಯಿ ಬಿದ್ದಿತೆನ್ನಿ. ಸಾವಿರಕ್ಕೆ 15,000. ಸರಾಸರಿ ದೇಣಿಗೆ 1,000 ಆದರೆ 15 ಜನ ಕೊಟ್ಟಾಗ ಖರ್ಚು ಹುಟ್ಟಿತು, ಹದಿನಾರನೆಯವರಿಂದ ಮುಂದಿನದು ಉಳಿಕೆ. ಈ ಲೆಕ್ಕವನ್ನು ಮೂರೂ ಗುಂಪುಗಳಿಗೆ ಬೇರೆ ಬೇರೆ ಮಾಡಿ, ಅದಕ್ಕಾಗಿ ಚೀಟಿಯ ಮೂಲೆಯಲ್ಲಿ ಗುಂಪಿನ ಗುರುತು ಇರಲಿ. ಒಟ್ಟುಗೂಡಿಸಿ ನೋಡಿದರೆ ಮೊದಲ ಗುಂಪಿನ ಉದಾರತನ ಮೂರನೆಯ ಗುಂಪಿನ ನಷ್ಟವನ್ನು ಮುಚ್ಚಿಬಿಡುತ್ತದೆ.

ಎಲ್ಲಿ ನಿಲ್ಲಿಸಿ ಯೋಚಿಸಬೇಕು

ಪೂರ್ತಿ ಪಟ್ಟಿಗೆ ಕಳಿಸುವ ಮೊದಲು 200 ಪತ್ರ ಕಳಿಸಿ, ಮೂರು ವಾರ ಕಾಯಿರಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ತಲುಪದೆ ವಾಪಸ್ ಬಂದರೆ ಪತ್ರ ತಿದ್ದುವುದು ಆಮೇಲೆ, ಮೊದಲು ಪಟ್ಟಿ ತಿದ್ದಿ. ವಾಪಸ್ಸೂ ಇಲ್ಲ, ಹಣವೂ ಇಲ್ಲ, ಫೋನುಗಳು ಮಾತ್ರ ಬರುತ್ತಿವೆ ಎಂದಾದರೆ ಫೋನಿನಲ್ಲಿ ಏನು ಕೇಳಿದರೆಂದು ಬರೆದಿಡಿ. "ಯಾರ ಹೆಸರಿಗೆ ಚೆಕ್?", "ಎಷ್ಟು ಕೊಟ್ಟರೆ ಸರಿ?" ಎಂಬ ಪ್ರಶ್ನೆಗಳಾಗಿದ್ದರೆ ಚೀಟಿಯಲ್ಲಿ ದೋಷವಿದೆ. "ಹೋದ ಸಲ ಕೊಟ್ಟದ್ದಕ್ಕೆ ರಸೀದಿಯೇ ಬರಲಿಲ್ಲ" ಎಂದು ಇಬ್ಬರು ಹೇಳಿದರೂ ಉಳಿದ ಪತ್ರಗಳನ್ನು ತಡೆಹಿಡಿಯಿರಿ. ಹಳೆಯ ರಸೀದಿಗಳನ್ನೂ ಪ್ರಮಾಣಪತ್ರಗಳನ್ನೂ ಮೊದಲು ಕಳಿಸಿ, ಒಂದು ತಿಂಗಳು ಬಿಟ್ಟು ಹೊಸ ಪತ್ರ ಅಂಚೆಗೆ ಹಾಕಿ.